ಸಣ್ಣ ಟ್ರ್ಯಾಕ್ಟರ್‌ಗೆ ಕಡ್ಡಿ-ಕೊಂಬೆಯಿಂದ ರಕ್ಷಣೆ: ಯಾವ ಕವಚ ಮೊದಲು, ಯಾವುದು ಆಮೇಲೆ

ಪೊದೆ ಸವರುವ ಕೆಲಸಕ್ಕೆ ಸಣ್ಣ ಟ್ರ್ಯಾಕ್ಟರ್ ಇಳಿಸುವವರು ಮೊದಲು ವಿಚಾರಿಸುವುದು ಮುಂದಿನ ಗಾರ್ಡ್ ಬಗ್ಗೆ. ಬಾನೆಟ್ ಮುಂದೆ ದಪ್ಪ ಪೈಪಿನ ಗಾರ್ಡ್ ಕೂತರೆ ಗಾಡಿ ಗಟ್ಟಿಮುಟ್ಟಾಗಿ ಕಾಣುತ್ತದೆ, ನಿಜ. ಆದರೆ ಕೆಲಸ ಅರ್ಧಕ್ಕೆ ನಿಲ್ಲಿಸುವ ಪೆಟ್ಟು ಬೀಳುವುದು ಹೆಚ್ಚಾಗಿ ಕೆಳಗಡೆ. ಎಣ್ಣೆ ಫಿಲ್ಟರ್, ಹೈಡ್ರಾಲಿಕ್ ಪೈಪು, ಡೀಸೆಲ್ ಪೈಪು, ಸ್ವಿಚ್‌ಗಳ ವೈರು, ಬ್ರೇಕ್ ರಾಡು, ಇವೆಲ್ಲ ಇರುವುದು ಟ್ರ್ಯಾಕ್ಟರ್ ಹೊಟ್ಟೆಯಡಿ, ಓಡಿಸುವವರ ಕಣ್ಣಿಗೆ ಬೀಳದ ಜಾಗದಲ್ಲಿ. ಹಾಗಾಗಿ ನನ್ನ ಕ್ರಮ ಇದು: ಮೊದಲು ಹೊಟ್ಟೆ ಮತ್ತು ಪೈಪುಗಳು, ಆಮೇಲೆ ಟಯರ್, ಅದಾದ ಮೇಲೆ ಮುಂಭಾಗ. ಲೋಡರ್ (ಮುಂದೆ ಬಕೆಟ್ ಎತ್ತಿ ಇಳಿಸುವ ತೋಳು) ಇಲ್ಲದ ಟ್ರ್ಯಾಕ್ಟರ್ ಆದರೆ ಮುಂಭಾಗಕ್ಕೆ ಸ್ವಲ್ಪ ಬೇಗ ಸರದಿ ಬರುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈ ಗಾತ್ರದ ಟ್ರ್ಯಾಕ್ಟರ್‌ಗಳನ್ನು ಮಾಡುವುದು ಹೊಲ, ಹುಲ್ಲು, ಮಣ್ಣು ಸಾಗಿಸುವ ಕೆಲಸ ನೋಡಿಕೊಂಡು. ಕಾಡಿನ ಕೆಲಸಕ್ಕೆಂದೇ ತಯಾರಾದ ಯಂತ್ರಗಳಿಗೆ ತಳದಲ್ಲಿ ಉಕ್ಕಿನ ತಟ್ಟೆ ಕೂರಿಸಿಯೇ ಕಳಿಸುತ್ತಾರೆ. ಸಣ್ಣ ಟ್ರ್ಯಾಕ್ಟರ್‌ಗಳಿಗೆ ಸಾಮಾನ್ಯವಾಗಿ ಅದು ಇರುವುದಿಲ್ಲ. ನೆಲದಿಂದ ಎತ್ತರವೂ ಕಡಿಮೆ. ಯಂತ್ರದ ತಪ್ಪು ಅಲ್ಲ ಅದು, ನಾವು ಕೊಡುತ್ತಿರುವ ಕೆಲಸ ಬೇರೆ ಅಷ್ಟೆ.

ಕಡ್ಡಿ ಒಳಗೆ ನುಗ್ಗುವುದು ಹೇಗೆ

ಕವಚ ಆರಿಸುವ ಮೊದಲು ಇದನ್ನು ಗಮನವಿಟ್ಟು ನೋಡಬೇಕು. ನೆಲದ ಮೇಲೆ ಒಂದು ಒಣ ಕೊಂಬೆ ಬಿದ್ದಿದೆ ಅಂದುಕೊಳ್ಳಿ. ತೋಳಿನಷ್ಟು ಉದ್ದ, ಎರಡು ಬೆರಳು ದಪ್ಪ. ಮುಂದಿನ ಟಯರ್ ಅದರ ಒಂದು ತುದಿಯ ಮೇಲೆ ಹತ್ತುತ್ತದೆ. ಕೊಂಬೆಯ ಕೆಳಗೆ ಕಲ್ಲೋ ಬೇರೋ ಇದ್ದರೆ ಇನ್ನೊಂದು ತುದಿ ಮೇಲಕ್ಕೆ ಏಳುತ್ತದೆ. ಎದ್ದ ತುದಿ ಆಕ್ಸಲ್ ಹಿಂದೆ, ಎಂಜಿನ್ ಕೆಳಗೆ ಎಲ್ಲೋ ತಾಗಿ ನಿಲ್ಲುತ್ತದೆ. ಟಯರ್ ಅದುಮಿ ಹಿಡಿದ ತುದಿ ಅಲುಗುವ ಹಾಗಿಲ್ಲ. ಟ್ರ್ಯಾಕ್ಟರ್ ಮಾತ್ರ ಮುಂದೆ ಹೋಗುತ್ತಲೇ ಇರುತ್ತದೆ. ಈಗ ಇಡೀ ಟ್ರ್ಯಾಕ್ಟರ್‌ನ ನೂಕುಬಲ ಆ ಚೂಪು ತುದಿಯಲ್ಲಿ ಸೇರಿ, ಫಿಲ್ಟರ್‌ನ ತೆಳು ತಗಡಿನ ಮೇಲೆ ಬೀಳುತ್ತದೆ. ಎಂಜಿನ್ ಸದ್ದಿನಲ್ಲಿ ನಿಮಗೆ ಏನೂ ಕೇಳಿಸುವುದಿಲ್ಲ. ಹಿಂದೆ ತಿರುಗಿ ನೋಡಿದಾಗ ಹುಲ್ಲಿನ ಮೇಲೆ ಎಣ್ಣೆಯ ಗೆರೆ ಕಾಣುತ್ತದೆ, ಅಷ್ಟು ಹೊತ್ತಿಗೆ ತಡವಾಗಿರುತ್ತದೆ.

ಹಸಿ ಗಿಡದ ಕಥೆ ಬೇರೆ. ಬೆರಳು ಗಾತ್ರದಿಂದ ಮಣಿಕಟ್ಟು ಗಾತ್ರದ ತನಕ ಇರುವ ಗಿಡ ಮುಂದಿನ ಆಕ್ಸಲ್ ತಾಗಿದಾಗ ಮುರಿಯುವುದಿಲ್ಲ, ಬಗ್ಗುತ್ತದೆ. ಆಕ್ಸಲ್ ದಾಟಿದ ಕೂಡಲೇ ಹೊಟ್ಟೆಯೊಳಗೆ ಚಟ್ಟನೆ ಏಳುತ್ತದೆ. ಏಳುವಾಗ ಅದರ ಕವಲುಗಳು ವೈರು, ಸಣ್ಣ ಪೈಪು, ಕ್ಲಿಪ್ಪು ಎಲ್ಲಕ್ಕೂ ಕೊಕ್ಕೆ ಹಾಕಿಕೊಂಡು ಎಳೆಯುತ್ತವೆ. ಒಣ ಕೊಂಬೆ ಚುಚ್ಚುತ್ತದೆ, ಹಸಿ ಗಿಡ ಕೀಳುತ್ತದೆ. ಇವೆರಡನ್ನೂ ಒಂದೇ ಕವಚ ಪೂರ್ತಿ ತಡೆಯಲಾರದು.

ವೈರು ಕಿತ್ತರೆ ಆಗುವ ತೊಂದರೆ ವಿಚಿತ್ರವಾಗಿರುತ್ತದೆ. ಕ್ಲಚ್ ಪೆಡಲ್, ನ್ಯೂಟ್ರಲ್, ಪಿಟಿಒ (ಕಟ್ಟಿದ ಯಂತ್ರಕ್ಕೆ ಎಂಜಿನ್ ಬಲ ಕೊಡುವ ಶಾಫ್ಟ್) ಮತ್ತು ಸೀಟಿಗೆ ಒಂದೊಂದು ಸುರಕ್ಷತಾ ಸ್ವಿಚ್ ಇರುತ್ತದಲ್ಲ, ಅವುಗಳ ವೈರು ಹಲವು ಮಾದರಿಗಳಲ್ಲಿ ಕೆಳಗಿಂದಲೇ ಹಾದುಹೋಗುತ್ತದೆ. ಒಂದು ಬಿಟ್ಟುಹೋದರೂ ಸಾಕು, ಕೀಲಿ ತಿರುಗಿಸಿದರೆ ಗಾಡಿ ಮೌನ. ಬ್ಯಾಟರಿ ಬದಲಾಯಿಸಿ, ಸ್ಟಾರ್ಟರ್ ಬಿಚ್ಚಿ ನೋಡುವ ಮೊದಲು ಟಾರ್ಚ್ ಹಿಡಿದು ಕೆಳಗೆ ಬಗ್ಗಿ ನೋಡಿ. ಪೊದೆ ಕೆಲಸದ ಮರುದಿನ ಗಾಡಿ ಚಾಲು ಆಗಲಿಲ್ಲ ಅಂದರೆ ಮೊದಲ ಅನುಮಾನ ಅಲ್ಲೇ ಇರಲಿ.

ಎಲ್ಲ ಟ್ರ್ಯಾಕ್ಟರ್‌ಗಳ ಹೊಟ್ಟೆ ಒಂದೇ ಥರ ಇರುವುದಿಲ್ಲ. ಕೆಲವದರಲ್ಲಿ ಹೈಡ್ರೋಸ್ಟ್ಯಾಟಿಕ್ (ಎಣ್ಣೆಯ ಒತ್ತಡದಿಂದ ಗಾಡಿ ಓಡಿಸುವ) ಗೇರ್‌ನ ಫಿಲ್ಟರ್ ಕೆಳಗೆ ನೇತಾಡುತ್ತದೆ, ಕೆಲವದರಲ್ಲಿ ಪಕ್ಕದಲ್ಲಿ ಮೇಲಿರುತ್ತದೆ. ಸ್ಟೇರಿಂಗ್ ಸಿಲಿಂಡರ್‌ನ ಪೈಪು ಆಕ್ಸಲ್ ಮುಂದಿದ್ದರೆ ಅಪಾಯ ಜಾಸ್ತಿ, ಹಿಂದಿದ್ದರೆ ಆಕ್ಸಲ್ಲೇ ಸ್ವಲ್ಪ ಮರೆ ಕೊಡುತ್ತದೆ. ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಬಕೆಟ್ ನೆಲಕ್ಕೆ ಇಳಿಸಿ, ಎಂಜಿನ್ ಆರಿಸಿ, ಬ್ರೇಕ್ ಹಾಕಿ, ಕೆಳಗೆ ಮಲಗಿ ನೋಡಿ. ಎಲ್ಲಕ್ಕಿಂತ ಕೆಳಗೆ ಯಾವುದು ಇಳಿದಿದೆ? ಯಾವುದು ತೆಳು ತಗಡು, ಯಾವುದು ರಬ್ಬರು? ಅದನ್ನು ನೋಡದೆ ಕವಚ ಕೊಂಡರೆ ಸುಮ್ನೆ ಭಾರ ಹೊತ್ತ ಹಾಗೆ.

ಹೊಟ್ಟೆಯ ತಟ್ಟೆ: ಉಕ್ಕು, ಅಲ್ಯೂಮಿನಿಯಂ, ಪ್ಲಾಸ್ಟಿಕ್, ಜಾಲರಿ

ಸ್ಕಿಡ್ ಪ್ಲೇಟ್ ಅನ್ನುವ ತಳದ ತಟ್ಟೆಯೇ ಇಲ್ಲಿ ಮುಖ್ಯ ಆಯ್ಕೆ. ಸುಮಾರು 60 ಸೆಂ.ಮೀ. ಅಗಲ, 80 ಸೆಂ.ಮೀ. ಉದ್ದದ ತಟ್ಟೆ ಬೇಕು ಅಂತಿಟ್ಟುಕೊಳ್ಳಿ. 5 ಮಿ.ಮೀ. ಉಕ್ಕಿನಲ್ಲಿ ಮಾಡಿದರೆ ಅದು ಹತ್ತಿರಹತ್ತಿರ 19 ಕಿಲೋ ತೂಗುತ್ತದೆ. 6 ಮಿ.ಮೀ. ಅಲ್ಯೂಮಿನಿಯಂ ಆದರೆ 8 ಕಿಲೋ ಒಳಗೆ. 12 ಮಿ.ಮೀ. ಗಟ್ಟಿ ಪಾಲಿಥೀನ್ ಹಾಳೆ ಆದರೆ ಐದೂವರೆ ಕಿಲೋ. ತೂಕ ನೋಡಿದ ತಕ್ಷಣ ಪ್ಲಾಸ್ಟಿಕ್ ಕಡೆ ಮನಸ್ಸು ಓಡುತ್ತದೆ, ಆದರೆ ಸ್ವಲ್ಪ ತಡೆಯಿರಿ.

ಉಕ್ಕಿನ ದೊಡ್ಡ ಅನುಕೂಲ ಅಂದರೆ ಅದು ಎಲ್ಲಿ ಬೇಕಾದರೂ ಸಿಗುತ್ತದೆ, ವೆಲ್ಡಿಂಗ್ ಗೊತ್ತಿರುವ ಯಾರು ಬೇಕಾದರೂ ಮಾಡಿಕೊಡುತ್ತಾರೆ. ಬಗ್ಗಿದರೆ ಬಡಿದು ನೆಟ್ಟಗೆ ಮಾಡಬಹುದು. 3 ಮಿ.ಮೀ. ಚಪ್ಪಟೆ ತಗಡು ಸಾಲದು. ಮೋಟಿನ ಮೇಲೆ ಕೂತಾಗ ಅದು ಒಳಕ್ಕೆ ಬಗ್ಗಿ ಯಾವ ಫಿಲ್ಟರ್ ಉಳಿಸಬೇಕಿತ್ತೋ ಅದನ್ನೇ ಒತ್ತುತ್ತದೆ. ತಗಡಿನ ದಪ್ಪ ಎರಡರಷ್ಟಾದರೆ ಬಗ್ಗದೆ ನಿಲ್ಲುವ ಶಕ್ತಿ ಎಂಟರಷ್ಟಾಗುತ್ತದೆ. ಹಾಗಂತ ದಪ್ಪ ಏರಿಸುತ್ತಲೇ ಹೋಗಬೇಕಿಲ್ಲ. ಎರಡು ಪಕ್ಕದ ಅಂಚನ್ನು ಎರಡು ಬೆರಳಿನಷ್ಟು ಮೇಲಕ್ಕೆ ಮಡಿಸಿದರೆ 4 ಮಿ.ಮೀ. ಕೂಡ ಚೆನ್ನಾಗಿ ತಡೆಯುತ್ತದೆ. ಮುಂದಿನ ಅಂಚು ಮಾತ್ರ ಖಂಡಿತ ಮೇಲಕ್ಕೆ ಬಾಗಿರಬೇಕು. ಇಲ್ಲದಿದ್ದರೆ ಅದು ಮೋಟಿಗೆ ಸಿಕ್ಕಿಕೊಂಡು ಬೋಲ್ಟ್ ಸಮೇತ ಕಿತ್ತುಬರುತ್ತದೆ. ಬೋಲ್ಟ್ ತಲೆಗಳೂ ಕೆಳಗೆ ಎದ್ದು ನಿಲ್ಲಬಾರದು. ತಟ್ಟೆಯೊಳಗೆ ಮುಳುಗುವ ತಲೆಯ ಬೋಲ್ಟ್ ಅಥವಾ ಗುಂಡು ತಲೆಯದು ಹಾಕಿಸಿ.

ಅಲ್ಯೂಮಿನಿಯಂ ಹಗುರ, ತುಕ್ಕು ಹಿಡಿಯದು. ಒಬ್ಬರೇ ಬಿಚ್ಚಿ ಮತ್ತೆ ಕೂರಿಸಲು ಸುಲಭ. ಆದರೆ ಮೆತ್ತನೆಯ ಲೋಹ, ಕಲ್ಲಿನ ಮೇಲೆ ಜಾರದೆ ಕಚ್ಚಿಕೊಳ್ಳುತ್ತದೆ. ಬಿರುಕು ಬಿಟ್ಟರೆ ಬೆಸೆಯಲು ಬೇರೆಯದೇ ವೆಲ್ಡಿಂಗ್ ಬೇಕು. ಬೆಲೆಯೂ ಹೆಚ್ಚು. ಕಲ್ಲಿಲ್ಲದ ನೆಲ, ಬರೀ ಕಡ್ಡಿ-ಕೊಂಬೆ ಅನ್ನುವವರಿಗೆ ಇದು ಒಳ್ಳೆಯದೇ.

ಗಟ್ಟಿ ಪಾಲಿಥೀನ್ ಹಾಳೆಗೆ ಒಂದು ಗುಣ ಇದೆ, ಉಕ್ಕಿಗೆ ಇಲ್ಲದ್ದು: ಬಗ್ಗಿ ಮತ್ತೆ ತನ್ನ ಆಕಾರಕ್ಕೆ ಬರುತ್ತದೆ, ಮರದ ಮೋಟಿನ ಮೇಲೆ ಸಲೀಸಾಗಿ ಜಾರುತ್ತದೆ. ಗಲಾಟೆಯೂ ಕಡಿಮೆ. ತೊಂದರೆ ಇರುವುದು ಬಿಸಿಯಲ್ಲಿ. ಅದು 130 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತದೆ, ಅದಕ್ಕಿಂತ ಎಷ್ಟೋ ಮೊದಲೇ ಮೆತ್ತಗಾಗುತ್ತದೆ. ಸೈಲೆನ್ಸರ್ ಕೆಳಗೆ ಇರುವ ಟ್ರ್ಯಾಕ್ಟರ್‌ಗೆ ಇದು ಬೇಡವೇ ಬೇಡ. ಸೈಲೆನ್ಸರ್ ಬಾನೆಟ್ ಒಳಗೆ ಮೇಲಿದ್ದರೆ ಯೋಚಿಸಬಹುದು. ಬಿಸಿಗೆ ಹಿಗ್ಗುವ ವಸ್ತುವಾದ್ದರಿಂದ ಬೋಲ್ಟ್ ತೂತುಗಳನ್ನು ಸ್ವಲ್ಪ ಉದ್ದುದ್ದ ಮಾಡಬೇಕು, ಮತ್ತು ಹಿಂದೆ ಆಂಗಲ್‌ನ ಚೌಕಟ್ಟು ಬೇಕು. ಚೌಕಟ್ಟಿನ ತೂಕ ಸೇರಿಸಿದರೆ ಹಗುರ ಅನ್ನುವ ಲಾಭ ಅರ್ಧ ಹೋಯಿತು.

ವಜ್ರಾಕಾರದ ಕಿಂಡಿಗಳ ಉಕ್ಕಿನ ಜಾಲರಿಯನ್ನು ತುಂಬ ಜನ ಇಷ್ಟಪಡುತ್ತಾರೆ, ಗಾಳಿ ಆಡುತ್ತದೆ, ಕಸ ಉದುರುತ್ತದೆ ಅಂತ. ಎರಡೂ ಸರಿ. ಆದರೆ ಹೆಬ್ಬೆರಳಿಗಿಂತ ತೆಳುವಾದ ಒಣ ಕಡ್ಡಿ ಕಿಂಡಿಯಲ್ಲಿ ತೂರುತ್ತದೆ, ಹಸಿ ಗಿಡದ ಕವಲು ಕಿಂಡಿಗೇ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಪೂರ್ತಿ ಜಾಲರಿ ನನಗೆ ಒಪ್ಪಿಗೆ ಇಲ್ಲ. ಫಿಲ್ಟರ್ ಮತ್ತು ಪೈಪುಗಳ ಕೆಳಗೆ ಗಟ್ಟಿ ತಟ್ಟೆ, ಗೇರ್‌ಪೆಟ್ಟಿಗೆ ತಣ್ಣಗಾಗಲು ಗಾಳಿ ಬೇಕಾದ ಕಡೆ ಜಾಲರಿ, ಹೀಗೆ ಬೆರೆಸುವುದು ಸರಿ. ಕೆಲವು ಹೈಡ್ರೋಸ್ಟ್ಯಾಟಿಕ್ ಗಾಡಿಗಳಲ್ಲಿ ಗೇರ್‌ಪೆಟ್ಟಿಗೆಯ ಮುಂದೆ ಸಣ್ಣ ಪ್ಲಾಸ್ಟಿಕ್ ಫ್ಯಾನ್ ತಿರುಗುತ್ತಿರುತ್ತದೆ. ಅದಕ್ಕೆ ಗಾಳಿ ಮುಚ್ಚಿದರೆ ಎಣ್ಣೆ ಕಾದು ತೆಳ್ಳಗಾಗಿ ಎಳೆಯುವ ಬಲ ಇಳಿಯುತ್ತದೆ. ಪೂರ್ತಿ ತೆರೆದು ಬಿಟ್ಟರೆ ಒಂದು ಕಡ್ಡಿಗೆ ಅದರ ರೆಕ್ಕೆ ಚೂರಾಗುತ್ತದೆ. ಅಲ್ಲಿ ಜಾಲರಿಯೇ ಉತ್ತರ.

ಹಳೆಯ ಕನ್ವೇಯರ್ ಬೆಲ್ಟ್‌ನ ರಬ್ಬರನ್ನು ತಟ್ಟೆಯಾಗಿ ಬಳಸುವುದಕ್ಕಿಂತ ಪಕ್ಕದ ಪರದೆಯಾಗಿ ಬಳಸುವುದು ಒಳ್ಳೆಯದು. ತಟ್ಟೆಯ ಎರಡೂ ಬದಿಯಿಂದ ಇಳಿಬಿಟ್ಟರೆ ಅಡ್ಡದಿಂದ ಬರುವ ಕವಲನ್ನು ತಳ್ಳುತ್ತದೆ, ಒಳಗಿನ ಕಸ ಹೊರಗೆ ಬೀಳಲೂ ಬಿಡುತ್ತದೆ.

ಕಸದ ಮಾತು ಬಂದಿದ್ದರಿಂದ ಇದನ್ನು ಸ್ವಲ್ಪ ಒತ್ತಿ ಹೇಳಬೇಕು. ಹೊಟ್ಟೆಗೆ ತಟ್ಟೆ ಕಟ್ಟಿದ ದಿನದಿಂದ ಅದರ ಮೇಲೆ ಒಣ ಎಲೆ, ಹುಲ್ಲಿನ ಪುಡಿ, ತೊಗಟೆ ಕೂರಲು ಶುರುವಾಗುತ್ತದೆ. ಅದರ ಮೇಲೆ ಎಂಜಿನ್‌ನಿಂದ ಎರಡು ಹನಿ ಎಣ್ಣೆ. ಪಕ್ಕದಲ್ಲಿ ಕಾದ ಸೈಲೆನ್ಸರ್. ಬೆಂಕಿ ಹೊತ್ತಲು ಇನ್ನೇನು ಬೇಕು? ತಟ್ಟೆ ಇಲ್ಲದ ಟ್ರ್ಯಾಕ್ಟರ್ ಹಾಳಾದರೆ ಒಂದು ಪೈಪು ಹಾಳಾದೀತು. ಕಸ ತುಂಬಿದ ತಟ್ಟೆಯಿಂದ ಇಡೀ ಗಾಡಿ ಉರಿದುಹೋಗಬಹುದು. ಹಾಗಾಗಿ ನಾಲ್ಕೂ ಕಡೆ ಗೋಡೆ ಇರುವ ಡಬ್ಬಿಯಂಥ ಕವಚ ಬೇಡ. ಹಿಂಭಾಗ ತೆರೆದಿರಲಿ, ಮಧ್ಯೆ ಕೈ ತೂರುವಷ್ಟು ಒಂದೆರಡು ಕಿಂಡಿ ಇರಲಿ, ದಿನದ ಕೆಲಸ ಮುಗಿದ ಮೇಲೆ ಗಾಡಿ ತಣ್ಣಗಾದಾಗ ಕಸ ಎಳೆದು ತೆಗೆಯಿರಿ. ಬೆಂಕಿ ಆರಿಸುವ ಸಣ್ಣ ಸಿಲಿಂಡರ್ ಒಂದು ಗಾಡಿಯಲ್ಲೇ ಇರಲಿ.

ಎಣ್ಣೆ ಬದಲಾಯಿಸುವುದನ್ನೂ ಮರೆಯಬೇಡಿ. ಎಂಟು ಬೋಲ್ಟ್ ಬಿಚ್ಚಿ 19 ಕಿಲೋ ಇಳಿಸಿದರೇ ಫಿಲ್ಟರ್ ಸಿಗುವುದು ಅಂತಾದರೆ ಎಣ್ಣೆ ಬದಲಾವಣೆ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಒಂದು ಕಡೆ ಕೀಲು, ಇನ್ನೊಂದು ಕಡೆ ಎರಡು ಬೋಲ್ಟ್, ಬಾಗಿಲಿನ ಹಾಗೆ ಇಳಿಯುವಂತೆ ಮಾಡಿಸಿ. ಅಥವಾ ತಟ್ಟೆಯನ್ನೇ ಎರಡು ತುಂಡು ಮಾಡಿ.

ರೆಡಿಮೇಡ್ ತಗೊಳ್ಳುವುದೋ ಮಾಡಿಸುವುದೋ? ನಿಮ್ಮ ಮಾದರಿಗೆಂದೇ ಮಾಡಿದ ರೆಡಿಮೇಡ್ ಸಿಕ್ಕರೆ ಅದನ್ನೇ ತಗೊಳ್ಳಿ. ತೂತುಗಳ ಅಳತೆ, ಎಣ್ಣೆ ಇಳಿಸುವ ಕಿಂಡಿ, ಗಾಳಿಯ ದಾರಿ ಎಲ್ಲ ಯೋಚಿಸಿರುತ್ತಾರೆ. ಬೇರೆ ಮಾದರಿಯದನ್ನು ತಂದು ಹೊಂದಿಸುವ ಸಾಹಸ ಬೇಡ, ಅದಕ್ಕಿಂತ ಮಾಡಿಸುವುದೇ ಮೇಲು. ಮಾಡಿಸುವುದಾದರೆ ಮೊದಲು ರಟ್ಟಿನಲ್ಲಿ ಕತ್ತರಿಸಿ ಹಿಡಿದು ನೋಡಿ. ಮುಂದಿನ ಆಕ್ಸಲ್ ಮಧ್ಯದ ಪಿನ್ ಮೇಲೆ ಆಚೆ ಈಚೆ ತೂಗುತ್ತದೆ, ಗೊತ್ತಲ್ಲ? ಒಂದು ಚಕ್ರ ಪೂರ್ತಿ ಮೇಲೆದ್ದಾಗ, ಸ್ಟೇರಿಂಗ್ ಪೂರ್ತಿ ತಿರುಗಿದಾಗ ರಟ್ಟು ಎಲ್ಲೂ ತಾಗಬಾರದು. ಕೂರಿಸಲು ಗಾಡಿಯಲ್ಲಿ ಈಗಾಗಲೇ ಇರುವ ತೂತುಗಳನ್ನೇ ಹುಡುಕಿ. ಲೋಡರ್ ಚೌಕಟ್ಟು, ಹೊಟ್ಟೆಯಡಿಯ ಹುಲ್ಲು ಕತ್ತರಿಸುವ ಯಂತ್ರದ ಕೊಂಡಿ, ಮುಂದಿನ ತೂಕದ ಬ್ರ್ಯಾಕೆಟ್, ಇವು ಒಳ್ಳೆಯ ಆಧಾರ. ಗೇರ್‌ಪೆಟ್ಟಿಗೆಯ ಎರಕದ ಮೈಗೆ ಹೊಸ ತೂತು ಕೊರೆಯುವುದು, ಅದಕ್ಕೆ ವೆಲ್ಡ್ ಮಾಡುವುದು ಎರಡೂ ಕೂಡದು. ವೆಲ್ಡಿಂಗ್ ಏನಿದ್ದರೂ ತಟ್ಟೆ ಬಿಚ್ಚಿ ಹೊರಗೆ ಇಟ್ಟುಕೊಂಡೇ ಮಾಡಿ. ಗಾಡಿಯ ಮೇಲೆ ವೆಲ್ಡಿಂಗ್ ಕರೆಂಟು ಹರಿದರೆ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಸುಟ್ಟುಹೋಗಬಹುದು.

ಪೈಪು ಮತ್ತು ವೈರು

ಕಡಿಮೆ ಖರ್ಚಿನಲ್ಲಿ ಜಾಸ್ತಿ ಲಾಭ ಇರುವುದು ಇಲ್ಲಿ. ತಟ್ಟೆ ಹಾಕಿಸಲು ತಿಂಗಳು ಹಿಡಿದರೂ ಇದನ್ನು ಈ ವಾರವೇ ಮಾಡಬಹುದು. ಜೋತುಬಿದ್ದ ವೈರು, ಪೈಪು ಎಲ್ಲವನ್ನೂ ಚೌಕಟ್ಟಿಗೆ ಎಳೆದು ಕಟ್ಟಿ. ಆದರೆ ಸ್ಟೇರಿಂಗ್ ತಿರುಗುವಾಗ, ಲೋಡರ್ ಏಳುವಾಗ ಪೈಪು ಹಿಗ್ಗಬೇಕಾದ ಕಡೆ ಸಡಿಲ ಬಿಡಿ. ಕಟ್ಟುವ ಮೊದಲು ಒಮ್ಮೆ ಪೂರ್ತಿ ಆಚೆ ಈಚೆ ತಿರುಗಿಸಿ ನೋಡಿ.

ಹೊದಿಕೆಯಲ್ಲಿ ಮೂರು ಬಗೆ. ಪ್ಲಾಸ್ಟಿಕ್ ಸುರುಳಿಯನ್ನು ಪೈಪು ಬಿಚ್ಚದೆಯೇ ಸುತ್ತಬಹುದು, ಉಜ್ಜುವಿಕೆಗೆ ಚೆನ್ನಾಗಿ ತಡೆಯುತ್ತದೆ. ನೈಲಾನ್ ಬಟ್ಟೆಯ ತೋಳು ಹಾಕಲು ಪೈಪಿನ ಒಂದು ತುದಿ ಬಿಚ್ಚಬೇಕು. ಆದರೆ ಪೈಪಿಗೆ ಸೂಜಿಯಷ್ಟು ತೂತು ಬಿದ್ದಾಗ ಎಣ್ಣೆ ಚಿಮ್ಮದಂತೆ ಅದು ಹಿಡಿಯುತ್ತದೆ. ಓಡಿಸುವವರ ಕಾಲಿನ ಹತ್ತಿರ ಹೋಗುವ ಪೈಪಿಗೆ ಇದೇ ಬೇಕು. ಉಕ್ಕಿನ ಸ್ಪ್ರಿಂಗ್ ಹೊದಿಕೆ ಚುಚ್ಚುವ ಕೊಂಬೆಗೆ ಗಟ್ಟಿ, ಆದರೆ ಕೆಸರು ಹಿಡಿದು ತುಕ್ಕು ತಿನ್ನುತ್ತದೆ, ಅದರ ತುದಿ ಚೂಪಾಗಿ ಎದ್ದರೆ ತಾನೇ ಪೈಪು ಕೊಯ್ಯುತ್ತದೆ. ಬಕೆಟ್ ಸಿಲಿಂಡರ್ ಹತ್ತಿರ ಮಾತ್ರ ಸ್ಪ್ರಿಂಗ್, ಉಳಿದ ಕಡೆ ಸುರುಳಿ, ಇದು ನನ್ನ ಆಯ್ಕೆ. ಹೊಟ್ಟೆಯಡಿ ಉದ್ದಕ್ಕೆ ಹೋಗುವ ರಬ್ಬರ್ ಪೈಪು ಇದ್ದರೆ ಅದನ್ನು ಉಕ್ಕಿನ ಪೈಪಿಗೆ ಬದಲಾಯಿಸಿ ಚೌಕಟ್ಟಿನ ಒಳಮೂಲೆಯಲ್ಲಿ ಕೂರಿಸಬಹುದು. ಒಮ್ಮೆ ಮಾಡಿಸಿದರೆ ಆ ಜಾಗದ ಚಿಂತೆ ಮುಗಿಯಿತು.

ಲೋಡರ್ ಪೈಪಿನೊಳಗಿನ ಒತ್ತಡ ಸಾಮಾನ್ಯವಾಗಿ 140ರಿಂದ 190 ಬಾರ್ ಇರುತ್ತದೆ. ಸೋರುವ ಜಾಗ ಹುಡುಕಲು ಬರಿಗೈ ಆಡಿಸಬೇಡಿ, ದಯವಿಟ್ಟು. ಕಣ್ಣಿಗೆ ಕಾಣದಷ್ಟು ಸಣ್ಣ ಧಾರೆ ಕೂಡ ಚರ್ಮ ತೂರಿ ಒಳಗೆ ಹೋಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಿ, ಅದರ ಮೇಲೆ ಕಲೆ ಬೀಳುತ್ತದೆ. ಎಣ್ಣೆ ಚರ್ಮದೊಳಗೆ ಹೋಗಿದೆ ಅನ್ನುವ ಅನುಮಾನ ಬಂದರೂ ಸಾಕು, ನೋವಿಲ್ಲದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ತಡ ಮಾಡಿದರೆ ಬೆರಳು, ಕೈ ಕಳೆದುಕೊಳ್ಳುವ ಅಪಾಯ ಇದೆ.

ಟಯರ್: ಯಾವುದಕ್ಕೆ ಎಷ್ಟು ಖರ್ಚು ಮಾಡಬೇಕು

ಪೊದೆ ಸವರಿದ ಮೊದಲ ವರ್ಷಕ್ಕಿಂತ ಎರಡನೇ ವರ್ಷ ಟಯರ್‌ಗೆ ಕಷ್ಟ. ಹೋದ ಸಲ ಓರೆಯಾಗಿ ಕತ್ತರಿಸಿ ಬಿಟ್ಟ ಗಿಡಗಳ ಮೋಟು ಅಷ್ಟು ಹೊತ್ತಿಗೆ ಒಣಗಿ ಗೂಟದಂತಾಗಿರುತ್ತದೆ. ಹೊಸ ಹುಲ್ಲು ಅದನ್ನು ಮುಚ್ಚಿರುತ್ತದೆ. ಹಾಗಾಗಿ ಗಿಡ ಕಡಿಯುವಾಗಲೇ ನೆಲಕ್ಕೆ ಸಮ, ಚಪ್ಪಟೆಯಾಗಿ ಕಡಿಯಿರಿ. ಇಲ್ಲವೇ ಆಮೇಲೆ ಕೀಳುವುದಿದ್ದರೆ ಸೊಂಟದೆತ್ತರ ಬಿಡಿ, ಕಣ್ಣಿಗೆ ಕಾಣಲಿ. ಗೇಣುದ್ದದ ಮೋಟು ಎಲ್ಲಕ್ಕಿಂತ ಕೆಟ್ಟದ್ದು.

ಟಯರ್ ಬಗೆಗಳಲ್ಲಿ ಹೊಲದ ಆರ್-1ಕ್ಕೆ ಎತ್ತರದ ಹಲ್ಲು, ಕೆಸರಲ್ಲಿ ಒಳ್ಳೆ ಹಿಡಿತ. ಆದರೆ ಹಲ್ಲುಗಳ ನಡುವಿನ ರಬ್ಬರ್ ತೆಳು. ಕೈಗಾರಿಕೆ ಬಗೆಯ ಆರ್-4ಕ್ಕೆ ಹಲ್ಲು ಗಿಡ್ಡ, ಅಗಲ, ಪಕ್ಕದ ಗೋಡೆ ಗಟ್ಟಿ, ಸಾಮಾನ್ಯವಾಗಿ ಪದರವೂ ಹೆಚ್ಚು. ಪೊದೆ ಕೆಲಸವೇ ಮುಖ್ಯ ಆದರೆ ಆರ್-4. ಕೊಳ್ಳುವಾಗ ಟಯರ್ ಪಕ್ಕದಲ್ಲಿ ಬರೆದಿರುವ ಪಿಆರ್ ಸಂಖ್ಯೆ (ಪದರಗಳ ಬಲದ ಅಳತೆ) ನೋಡಿ, ಒಂದೇ ಅಳತೆಯಲ್ಲಿ ಜಾಸ್ತಿ ಇರುವುದನ್ನು ಆರಿಸಿ. ಹುಲ್ಲುಹಾಸಿನ ಆರ್-3 ಟಯರ್ ಹಾಕಿಕೊಂಡು ಪೊದೆಗೆ ಹೋಗಲೇಬೇಡಿ.

ಇದ್ದ ಟಯರನ್ನೇ ಉಳಿಸಿಕೊಳ್ಳುವುದಾದರೆ ಒಳಗೆ ಸೀಲಂಟ್ ದ್ರವ ಹಾಕಬಹುದು. ಮುಳ್ಳು, ಸಣ್ಣ ಚುಚ್ಚು ಇವಕ್ಕೆ ಒಳ್ಳೆಯ ಕೆಲಸ ಮಾಡುತ್ತದೆ. ಪಕ್ಕದ ಗೋಡೆ ಹರಿದರೆ ಏನೂ ಮಾಡದು. ಟ್ಯೂಬ್ ಇದ್ದರೆ ಪಂಚರ್ ಹಾಕುವಾಗ ಟಯರ್ ಒಳಮೈಯನ್ನು ದಪ್ಪ ಕೈಗವಸು ಹಾಕಿಕೊಂಡು ಸವರಿ ನೋಡಬೇಕು. ಮುರಿದ ಮುಳ್ಳಿನ ತುದಿ ಒಳಗೇ ನಿಂತು ಹೊಸ ಟ್ಯೂಬನ್ನೂ ಚುಚ್ಚುತ್ತದೆ.

ಇನ್ನೊಂದು ತುದಿಯ ಆಯ್ಕೆ ಪಾಲಿಯುರೇಥೇನ್ ತುಂಬಿಸುವುದು. ದ್ರವವಾಗಿ ಒಳಗೆ ಹೋಗಿ ರಬ್ಬರಿನಂತೆ ಗಟ್ಟಿಯಾಗುತ್ತದೆ. ಆಮೇಲೆ ಪಂಚರ್ ಅನ್ನುವ ಮಾತೇ ಇಲ್ಲ. ಆದರೆ ತೂಕ ವಿಪರೀತ ಏರುತ್ತದೆ, ಸವಾರಿ ಒರಟು, ಆಕ್ಸಲ್ ಮೇಲೆ ಹೊರೆ. ಟಯರ್ ಸವೆದ ದಿನ ಕತ್ತರಿಸಿಯೇ ತೆಗೆಯಬೇಕು. ವರ್ಷವಿಡೀ ಇದೇ ಕೆಲಸ ಮಾಡುವವರು ಮುಂದಿನ ಎರಡು ಟಯರ್‌ಗೆ ಮಾತ್ರ ಯೋಚಿಸಲಿ. ವಾರಕ್ಕೊಮ್ಮೆ ಇಳಿಯುವವರಿಗೆ ಸೀಲಂಟ್ ಸಾಕು.

ವಾಲ್ವ್ ಮರೆಯಬೇಡಿ. ಗಾಳಿ ತುಂಬುವ ಆ ಪುಟ್ಟ ಕೊಳವೆಯನ್ನು ಒಂದು ಕವಲು ಕಿತ್ತರೆ ಟಯರ್ ಅಲ್ಲೇ ಕೂರುತ್ತದೆ. ರಿಮ್‌ಗೆ ಒಂದು ಸಣ್ಣ ಉಕ್ಕಿನ ಮರೆ ಬೋಲ್ಟ್ ಮಾಡಿಸಿದರೆ ಮುಗಿಯಿತು.

ಮುಂಭಾಗ

ಲೋಡರ್ ಇರುವ ಗಾಡಿಗೆ ಬಕೆಟ್ಟೇ ಅರ್ಧ ಗಾರ್ಡ್. ಹಲವು ಲೋಡರ್‌ಗಳ ಜೊತೆ ಗ್ರಿಲ್ ಗಾರ್ಡ್ ಕೂಡ ಬಂದಿರುತ್ತದೆ. ಅಂಥವರು ಇಲ್ಲಿ ಹೆಚ್ಚು ಖರ್ಚು ಮಾಡಬೇಕಿಲ್ಲ, ಗಾರ್ಡ್‌ನ ಅಡ್ಡಪಟ್ಟಿಗಳ ಸಂದಿಗೆ ಒಂದು ಜಾಲರಿ ಕಟ್ಟಿದರೆ ಸಾಕು. ಲೋಡರ್ ಇಲ್ಲದ ಗಾಡಿಯಲ್ಲಿ ರೇಡಿಯೇಟರ್‌ಗೂ ಕೊಂಬೆಗೂ ನಡುವೆ ಒಂದು ಪ್ಲಾಸ್ಟಿಕ್ ಗ್ರಿಲ್ ಬಿಟ್ಟರೆ ಏನೂ ಇರುವುದಿಲ್ಲ. ಅದಕ್ಕೇ ಅವರ ಪಟ್ಟಿಯಲ್ಲಿ ಇದು ಟಯರ್‌ಗಿಂತ ಮೊದಲು ಬರಬೇಕು.

ಬರೀ ಪೈಪಿನ ಗಾರ್ಡ್ ದಪ್ಪ ಮರಕ್ಕೆ ಡಿಕ್ಕಿ ಹೊಡೆಯುವುದನ್ನು ತಡೆಯುತ್ತದೆ, ಕಡ್ಡಿಯನ್ನಲ್ಲ. ಬರೀ ಜಾಲರಿ ಕಡ್ಡಿ ತಡೆಯುತ್ತದೆ, ಡಿಕ್ಕಿಗೆ ಒಳಕ್ಕೆ ಮಡಚಿಕೊಳ್ಳುತ್ತದೆ. ಎರಡೂ ಸೇರಿದ್ದು ಬೇಕು. ಜಾಲರಿ ಆರಿಸುವಾಗ ಕಿಂಡಿ ತುಂಬ ಸಣ್ಣದಾದರೆ ಹುಲ್ಲಿನ ಬೀಜ, ಹತ್ತಿಯಂಥ ನಾರು ಅಂಟಿ ಗಾಳಿ ಕಟ್ಟುತ್ತದೆ, ಎಂಜಿನ್ ಕಾಯುತ್ತದೆ. ಸೊಳ್ಳೆ ಪರದೆಯಂಥದ್ದು ಬೇಡ. ಜಾಲರಿಯನ್ನು ರೇಡಿಯೇಟರ್‌ಗೆ ಅಂಟಿಸದೆ ನಾಲ್ಕು ಬೆರಳು ಮುಂದೆ ಇಡಿ. ಒಂದು ಎಲೆ ಅಂಟಿದರೂ ಸುತ್ತಲಿಂದ ಗಾಳಿ ಹೋಗುತ್ತದೆ. ಕೆಲಸದ ನಡುವೆ ಕೈಯಲ್ಲೇ ಕಸ ಸವರುವ ಹಾಗಿರಲಿ. ರೇಡಿಯೇಟರ್ ತೊಳೆಯುವಾಗ ಫ್ಯಾನ್ ಕಡೆಯಿಂದ ಹೊರಕ್ಕೆ, ಮೆಲ್ಲನೆ ಗಾಳಿ ಅಥವಾ ನೀರು ಬಿಡಿ. ಜೋರು ಧಾರೆ ತೆಳು ಪದರಗಳನ್ನು ಮಡಚಿಬಿಡುತ್ತದೆ. ಗಾರ್ಡ್ ಕೊಳ್ಳುವ ಮೊದಲು ಬಾನೆಟ್ ಪೂರ್ತಿ ಏಳುತ್ತದಾ ನೋಡಿ, ಮುಂದಕ್ಕೆ ವಾಲಿ ತೆರೆಯುವ ಬಾನೆಟ್ ಆದರೆ ಇದು ದೊಡ್ಡ ತಲೆನೋವು.

ಸೀಟಿನಲ್ಲಿ ಕೂತವರು

ಗಾಡಿಗೆ ಇಷ್ಟೆಲ್ಲ ಮಾಡಿ ತಲೆಯ ಮೇಲೆ ಏನೂ ಇಲ್ಲದೆ ಹೋಗುವುದು ಸರಿಯಲ್ಲ. ರೋಲ್ ಬಾರ್ (ಗಾಡಿ ಮಗುಚಿದರೆ ಓಡಿಸುವವರನ್ನು ಉಳಿಸುವ ಕಮಾನು) ಎತ್ತಿರಬೇಕು, ಬೆಲ್ಟ್ ಹಾಕಿರಬೇಕು. ಕೊಂಬೆಗೆ ತಾಗುತ್ತದೆ ಅಂತ ಅದನ್ನು ಮಡಚುವವರಿದ್ದಾರೆ. ಹಾಗೆ ಮಡಚಲೇಬೇಕಾದಷ್ಟು ತಗ್ಗು ಕೊಂಬೆ ಇದ್ದರೆ ಮೊದಲು ಗಾಡಿಯಿಂದ ಇಳಿದು ಕೊಂಬೆ ಕತ್ತರಿಸಿ. ರೋಲ್ ಬಾರ್‌ಗೆ ತೂತು ಕೊರೆಯಬಾರದು, ವೆಲ್ಡ್ ಮಾಡಬಾರದು, ಅದರ ಬಲವೇ ಹೋಗುತ್ತದೆ. ಪ್ಲಾಸ್ಟಿಕ್ ಚಾವಣಿ ಬಿಸಿಲಿಗೆ ಮಾತ್ರ, ಬೀಳುವ ಕೊಂಬೆಗಲ್ಲ. ಒಣಗಿದ ಮರಗಳ ಕೆಳಗೆ ಕೆಲಸ ಇದ್ದರೆ ಬೀಳುವ ವಸ್ತು ತಡೆಯಲೆಂದೇ ಪರೀಕ್ಷೆ ಮಾಡಿದ ಚಾವಣಿ ಬೇಕು. ಬಳ್ಳಿಗಳನ್ನೂ ಗಮನಿಸಿ. ರೋಲ್ ಬಾರ್‌ಗೆ ಸಿಕ್ಕ ಬಳ್ಳಿಯನ್ನು ಟ್ರ್ಯಾಕ್ಟರ್ ಎಳೆದರೆ ಅದರ ಇನ್ನೊಂದು ತುದಿಯಲ್ಲಿರುವ ಒಣ ರೆಂಬೆ ನೇರ ತಲೆ ಮೇಲೆ ಬರುತ್ತದೆ.

ಓಡಿಸುವ ರೀತಿ, ಮತ್ತು ಬೇರೆ ಯಂತ್ರ ತರಿಸಬೇಕಾದ ಜಾಗ

ಬಕೆಟ್ ಮುಂದಿಟ್ಟು ಗಿಡಗಳನ್ನು ಮಲಗಿಸುತ್ತಾ ಹೋಗುವುದು ಸುಲಭ ಅನ್ನಿಸುತ್ತದೆ. ಗ್ರಿಲ್ ಉಳಿಯುತ್ತದೆ ನಿಜ, ಹೊಟ್ಟೆಗೆ ಮಾತ್ರ ಇದೇ ಕೆಟ್ಟ ವಿಧಾನ. ಬಕೆಟ್ ಬಗ್ಗಿಸಿದ ಗಿಡ ಅದರ ಹಿಂದೆ ಎದ್ದು ಬರುತ್ತದೆ. ತಳಕ್ಕೆ ತಟ್ಟೆ ಇಲ್ಲದವರು ಇದನ್ನು ಬಿಟ್ಟುಬಿಡಿ.

ಹಿಂದೆ ರೋಟರಿ ಕಟರ್ ಕಟ್ಟಿಕೊಂಡು ಹಿಮ್ಮುಖವಾಗಿ ಪೊದೆಗೆ ಹೋದರೆ ಟ್ರ್ಯಾಕ್ಟರ್ ತಾಗುವ ಮೊದಲೇ ಬ್ಲೇಡ್ ಕತ್ತರಿಸಿರುತ್ತದೆ. ನೇರ ನೆಲ, ಎತ್ತರದ ಆದರೆ ತೆಳು ಪೊದೆ, ಇಂಥ ಕಡೆ ಇದೇ ಒಳ್ಳೆಯದು. ಕತ್ತು ನೋಯುತ್ತದೆ, ಕೆಲಸ ನಿಧಾನ, ಕಟರ್‌ನ ಹಿಂದಿನ ಚಕ್ರಕ್ಕೆ ಪೆಟ್ಟು ಜಾಸ್ತಿ. ಯಂತ್ರದ ಕೈಪಿಡಿ ಇದಕ್ಕೆ ಒಪ್ಪುತ್ತದಾ ನೋಡಿಕೊಳ್ಳಿ. ಎರಡೂ ಕಡೆ ಸರಪಳಿ ಪರದೆ ಇರಬೇಕು, ಸುತ್ತಮುತ್ತ ಯಾರೂ ಇರಬಾರದು. ಇಂಥ ಕಟರ್ ಎಸೆದ ಕಲ್ಲು, ಕಟ್ಟಿಗೆ ಚೂರು 90 ಮೀಟರ್ ತನಕ ಹಾರಬಹುದು ಅಂತ ತಯಾರಕರೇ ಎಚ್ಚರಿಸುತ್ತಾರೆ.

ಮೂರನೆಯದು ಎಲ್ಲರೂ ಬೇಡ ಅನ್ನುವ ದಾರಿ: ಮೊದಲು ಕಾಲ್ನಡಿಗೆಯಲ್ಲಿ ಹೋಗಿ ಬಿದ್ದ ಒಣ ಕೊಂಬೆ ಎತ್ತಿ ಹಾಕುವುದು, ಮೋಟುಗಳಿಗೆ ಗುರುತು ಕಟ್ಟುವುದು. ಚುಚ್ಚುವ ಅಪಾಯದಲ್ಲಿ ದೊಡ್ಡ ಪಾಲು ಇಷ್ಟರಲ್ಲೇ ಕಳೆಯುತ್ತದೆ. ಯಾವ ತಟ್ಟೆಯೂ ಇಷ್ಟು ಅಗ್ಗದಲ್ಲಿ ಇಷ್ಟು ಕೆಲಸ ಮಾಡದು. ದಿನದ ಕೊನೆಗೆ ಮುಂದಿನ ಹಬ್, ಫೋರ್-ವೀಲ್ ಶಾಫ್ಟ್, ಪಿಟಿಒ ಶಾಫ್ಟ್ ಸುತ್ತ ಸುತ್ತಿಕೊಂಡ ಬಳ್ಳಿ, ನಾರು ಕತ್ತರಿಸಿ ತೆಗೆಯಿರಿ. ಎಂಜಿನ್ ಆರಿಸಿ, ಕೀಲಿ ಜೇಬಿಗೆ ಹಾಕಿಕೊಂಡು. ಬಿಟ್ಟರೆ ಅದು ಬಿಗಿದು ಸೀಲ್ ಒಳಗೆ ನುಗ್ಗಿ ಎಣ್ಣೆ ಸೋರುತ್ತದೆ.

ಕಟರ್‌ನ ಮಿತಿಯೂ ಗೊತ್ತಿರಬೇಕು. ಹಗುರ ಬಗೆಯದ್ದು ಸಾಮಾನ್ಯವಾಗಿ 1 ಇಂಚು ದಪ್ಪದ ಗಿಡಕ್ಕೆ, ಮಧ್ಯಮ ಬಗೆಯದ್ದು 2 ಇಂಚಿಗೆ ಮಾಡಿದ್ದು. ಶಿಯರ್ ಬೋಲ್ಟ್ (ಹೊರೆ ಮೀರಿದಾಗ ಮೊದಲು ಮುರಿಯಲೆಂದೇ ಹಾಕಿದ ಬೋಲ್ಟ್) ಪದೇಪದೇ ಮುರಿಯುತ್ತಿದ್ದರೆ ಗಟ್ಟಿ ಬೋಲ್ಟ್ ಹಾಕಿ ಜಯಿಸಬೇಡಿ, ಮುಂದಿನ ಪೆಟ್ಟು ಗೇರ್‌ಬಾಕ್ಸ್‌ಗೆ. ಗಿಡಗಳು ದಟ್ಟವಾಗಿ 3 ಇಂಚು ದಾಟಿವೆ, ನೆಲ ಕಾಣುತ್ತಿಲ್ಲ, ಕೆಳಗೆ ಕಲ್ಲೂ ಇರಬಹುದು ಅನ್ನುವ ಜಾಗಕ್ಕೆ ಸಣ್ಣ ಟ್ರ್ಯಾಕ್ಟರ್‌ಗೆ ಎಷ್ಟು ಕವಚ ತೊಡಿಸಿದರೂ ಸಾಲದು. ಅಲ್ಲಿಗೆ ಹಲ್ಲಿನ ಪಟ್ಟೆ ಮೇಲೆ ಓಡುವ, ಮುಂದೆ ಮರ ಪುಡಿ ಮಾಡುವ ಡ್ರಮ್ ಇರುವ ಯಂತ್ರವನ್ನು ಬಾಡಿಗೆಗೆ ತರಿಸಿ. ಅದರ ತಳ ಪೂರ್ತಿ ಉಕ್ಕು, ಓಡಿಸುವವರು ಗಟ್ಟಿ ಕ್ಯಾಬಿನ್ನಿನೊಳಗೆ. ಒಮ್ಮೆ ಅದು ನೆಲಕ್ಕೆ ಸಮ ಮಾಡಿಕೊಟ್ಟ ಮೇಲೆ ಪ್ರತಿ ವರ್ಷ ಚಿಗುರುವ ಬೆರಳು ಗಾತ್ರದ ಗಿಡಗಳನ್ನು ತಟ್ಟೆ ಕಟ್ಟಿದ ನಿಮ್ಮ ಟ್ರ್ಯಾಕ್ಟರ್ ಆರಾಮಾಗಿ ನೋಡಿಕೊಳ್ಳುತ್ತದೆ.